ಪ್ಯಾರಿಸ್‌ನಿಂದ ನೀಸ್‌ಗೆ ಕಾರಿನಲ್ಲಿ: ಮೊದಲು ಮಧ್ಯಾಹ್ನದ ಊಟದ ಊರು ಹುಡುಕಿ

ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದರು. ನಾನು ಆಗ ಫ್ರಾನ್ಸಿನ ತುಲೂಸ್‌ನಲ್ಲಿದ್ದೆ. ಅದು ವಿಮಾನ ಕಟ್ಟುವ ಊರು. ಬೆಂಗಳೂರಿನಿಂದ ಕೆಲಸಕ್ಕೆ ಬಂದವರು ಅಲ್ಲಿ ಸಿಗುತ್ತಲೇ ಇರುತ್ತಾರೆ. ಮೇ ತಿಂಗಳ ಒಂದು ಭಾನುವಾರ ಮೂವರೂ ಕಾರಿನಲ್ಲಿ ಗುಡ್ಡಗಾಡಿನ ಕಡೆ ಹೊರಟೆವು. ದಾರಿ ಚೆನ್ನಾಗಿತ್ತು. ಅಲ್ಲಲ್ಲಿ ನಿಲ್ಲಿಸಿದೆವು, ಫೋಟೊ ತೆಗೆದೆವು. ಊಟ ಮಾಡೋಣ ಎಂದುಕೊಂಡಿದ್ದ ಹಳ್ಳಿ ಸೇರಿದಾಗ 2 ಗಂಟೆ 20 ನಿಮಿಷ. ಮೊದಲ ಹೋಟೆಲಿನಲ್ಲಿ ಅಡುಗೆಮನೆ ಮುಚ್ಚಿದೆ ಎಂದರು. ಎರಡನೆಯದರಲ್ಲೂ ಅದೇ ಮಾತು. ಮೂರನೆಯದು ಬಾಗಿಲೇ ಹಾಕಿತ್ತು. ಬ್ರೆಡ್ ಅಂಗಡಿಯೂ ಮುಚ್ಚಿತ್ತು. ಅಪ್ಪನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗಲು ಶುರುವಾಗುತ್ತದೆ. ಕಾರಿನಲ್ಲಿದ್ದ ಎರಡು ಬಾಳೆಹಣ್ಣು, ಒಂದು ಪೊಟ್ಟಣ ಬಿಸ್ಕತ್ತು ಅವತ್ತು ಕಾಪಾಡಿದವು.

ಅವತ್ತಿನಿಂದ ನಾನು ದಾರಿ ಗೊತ್ತು ಮಾಡುವ ಕ್ರಮವೇ ಬದಲಾಯಿತು. ಫ್ರಾನ್ಸಿನಲ್ಲಿ ಊಟದ ಹೊತ್ತು ಅಂದರೆ ಮಧ್ಯಾಹ್ನ 12ರಿಂದ 2. ಪ್ಯಾರಿಸ್‌ನಂಥ ದೊಡ್ಡ ಊರು ಬಿಟ್ಟರೆ ಅದಾದ ಮೇಲೆ ಒಲೆ ಆರಿಸಿಬಿಡುತ್ತಾರೆ. ಹಾಗಾಗಿ ಮೊದಲು 12 ಗಂಟೆಗೆ ಯಾವ ಊರಿನಲ್ಲಿರಬೇಕು ಅಂತ ಗೊತ್ತು ಮಾಡುತ್ತೇನೆ. ಆಮೇಲೆ ರಾತ್ರಿ ಮಲಗುವ ಊರು. ಕೊನೆಗೆ ಅವೆರಡನ್ನು ಕೂಡಿಸುವ ರಸ್ತೆ. ನಕ್ಷೆ ತೆಗೆದು ಮೊದಲು ರಸ್ತೆ ಆರಿಸುವವರು ಜಾಸ್ತಿ. ಮನೆಯವರನ್ನು, ಅದರಲ್ಲೂ ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಈ ಕ್ರಮವನ್ನು ತಿರುಗಿಸಿ ನೋಡಿ. ಪ್ರಯಾಣವೇ ಬೇರೆಯಾಗುತ್ತದೆ.

ಪ್ಯಾರಿಸ್‌ನಿಂದ ಮೆಡಿಟರೇನಿಯನ್ ಸಮುದ್ರದ ದಡದ ನೀಸ್‌ವರೆಗಿನ ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ.

ಹೆಜ್ಜೆ 1: ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹಾಕಿ

ನೇರ ದಾರಿಯಲ್ಲಿ ಪ್ಯಾರಿಸ್‌ನಿಂದ ನೀಸ್ ಸುಮಾರು 930 ಕಿ.ಮೀ. ಫೋನ್ 9 ಗಂಟೆ ಆಸುಪಾಸು ತೋರಿಸುತ್ತದೆ. ಒಂದೇ ದಿನದಲ್ಲಿ ಓಡಿಸುವ ಫ್ರೆಂಚರು ಬೇಕಾದಷ್ಟಿದ್ದಾರೆ. ನೀವು ಆ ಲೆಕ್ಕ ಹಿಡಿಯಬೇಡಿ. ಎಡಗಡೆ ಓಡಿಸಿ ಅಭ್ಯಾಸವಾದವರಿಗೆ ಬಲಗಡೆ ಓಡಿಸುವುದೇ ಮೊದಲ ಎರಡು ದಿನ ತಲೆಗೆ ಸಾಕಷ್ಟು ಕೆಲಸ.

ದಿನಕ್ಕೆ 4 ಗಂಟೆ ಓಡಿಸುವುದು ಹಿತವಾದ ಲೆಕ್ಕ. 5 ಗಂಟೆ ಮೇಲ್ಮಿತಿ. ಫೋನ್ ತೋರಿಸುವ ಸಮಯಕ್ಕೆ ಮೂರರಲ್ಲಿ ಒಂದು ಭಾಗ ಸೇರಿಸಿ. 3 ಗಂಟೆ ಅಂದರೆ 4 ಅಂತ ಓದಿಕೊಳ್ಳಿ. ಪ್ರತಿ 2 ಗಂಟೆಗೊಮ್ಮೆ ನಿಲ್ಲಿಸಿ ಅಂತ ಅಲ್ಲಿನ ಹೆದ್ದಾರಿಯ ಫಲಕಗಳೇ ಹೇಳುತ್ತಿರುತ್ತವೆ. ನಿಲ್ಲಿಸಲು ಜಾಗಕ್ಕೆ ಕೊರತೆಯಿಲ್ಲ. ಹೆದ್ದಾರಿ ಪಕ್ಕದ ತಂಗುದಾಣಗಳಿಗೆ ಅಲ್ಲಿ 'ಏರ್' ಎನ್ನುತ್ತಾರೆ. ಒಂದು ಬಗೆಯದರಲ್ಲಿ ಮರದ ನೆರಳು, ಮೇಜು, ಶೌಚಾಲಯ ಇರುತ್ತವೆ. ಇನ್ನೊಂದರಲ್ಲಿ ಪೆಟ್ರೋಲ್, ಅಂಗಡಿ, ಊಟವೂ ಇರುತ್ತದೆ. ಬುತ್ತಿ ಕಟ್ಟಿಕೊಂಡು ಹೋದವರಿಗೆ ಮೊದಲ ಬಗೆಯದೇ ಚೆಂದ.

ಹೆಜ್ಜೆ 2: ಹೊರಡುವ ದಿನ ಆರಿಸಿ

ಇಲ್ಲಿ ತಪ್ಪಿದರೆ ಮಿಕ್ಕ ಯೋಜನೆಯೆಲ್ಲ ಕೆಡುತ್ತದೆ. ಜುಲೈ ಕೊನೆ, ಆಗಸ್ಟ್ ಮೊದಲ ವಾರದಲ್ಲಿ ಅರ್ಧ ದೇಶ ರಜೆಗೆ ಹೊರಡುತ್ತದೆ, ಇನ್ನರ್ಧ ರಜೆ ಮುಗಿಸಿ ಬರುತ್ತದೆ. ಆ ಶನಿವಾರ ರೋನ್ ನದಿ ಕಣಿವೆಯ ಎ7 ಹೆದ್ದಾರಿ ಹತ್ತಿದರೆ ಕಾರು ಓಡುವುದಿಲ್ಲ, ತೆವಳುತ್ತದೆ. ಇದನ್ನು ಮುಂಚೆಯೇ ತಿಳಿಯಲು ಸರ್ಕಾರದ್ದೇ ಒಂದು ಸೇವೆ ಇದೆ. ಹೆಸರು ಬಿಜೋಂ ಫ್ಯೂತೆ. 1976ರಿಂದ ನಡೆಯುತ್ತಿದೆ. ವರ್ಷದ ಯಾವ ದಿನ ಎಷ್ಟು ದಟ್ಟಣೆ ಅಂತ ಬಣ್ಣದಲ್ಲಿ ಹೇಳುತ್ತದೆ: ಹಸಿರು, ಕಿತ್ತಳೆ, ಕೆಂಪು, ಕಪ್ಪು. ಕಪ್ಪು ದಿನ ಮನೆಯಲ್ಲೇ ಇರಿ. ಕೆಂಪು ದಿನ ಹೊರಡಲೇಬೇಕಾದರೆ ಬೆಳಗಿನ ಜಾವ ಹೊರಡಿ. ಹೋಗುವ ದಿಕ್ಕಿಗೂ ಬರುವ ದಿಕ್ಕಿಗೂ ಬಣ್ಣ ಬೇರೆ ಬೇರೆ ಇರುತ್ತದೆ, ಸರಿಯಾದದ್ದನ್ನೇ ನೋಡಿ.

ಭಾನುವಾರದ ಬಗ್ಗೆ ಎರಡು ಮಾತು. ಶನಿವಾರ ರಾತ್ರಿ 10ರಿಂದ ಭಾನುವಾರ ರಾತ್ರಿ 10ರವರೆಗೆ ದೊಡ್ಡ ಲಾರಿಗಳು ಸಾಮಾನ್ಯವಾಗಿ ರಸ್ತೆಗಿಳಿಯುವಂತಿಲ್ಲ. ಹಾಗಾಗಿ ಹೊಸಬರಿಗೆ ಬಲಗಡೆ ಅಭ್ಯಾಸ ಮಾಡಿಕೊಳ್ಳಲು ಭಾನುವಾರದಷ್ಟು ಒಳ್ಳೆಯ ದಿನವಿಲ್ಲ. ಆದರೆ ಅಂಗಡಿಗಳು ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತವೆ. ಭಾನುವಾರ ರಾತ್ರಿ ಮತ್ತು ಸೋಮವಾರ ಎಷ್ಟೋ ಹೋಟೆಲುಗಳಿಗೆ ರಜೆ. ಶನಿವಾರವೇ ಹಣ್ಣು, ಮೊಸರು, ನೀರು ತೆಗೆದಿಟ್ಟುಕೊಳ್ಳಿ.

ನನ್ನ ಆಯ್ಕೆ ಜೂನ್ ಮೊದಲರ್ಧ ಅಥವಾ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ 10ರ ಹತ್ತಿರದವರೆಗೂ ಬೆಳಕಿರುತ್ತದೆ, ಕತ್ತಲಲ್ಲಿ ಓಡಿಸುವ ಪ್ರಶ್ನೆಯೇ ಬರುವುದಿಲ್ಲ. ಚಳಿಗಾಲದಲ್ಲಾದರೆ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಗುಡ್ಡಗಾಡಿನ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಹಿಮದ ಟೈರು ಅಥವಾ ಚೈನು ಕಡ್ಡಾಯ. ಬಾಡಿಗೆ ಕಾರು ತೆಗೆದುಕೊಳ್ಳುವಾಗಲೇ ಕೇಳಿ.

ಹೆಜ್ಜೆ 3: ಕಾಗದಪತ್ರ, ಕಾರು

ಭಾರತದಿಂದ ಪ್ರವಾಸಕ್ಕೆ ಬರುವವರು ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಪರಿವಾಹನ್ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಒಂದು ವರ್ಷ ನಡೆಯುತ್ತದೆ. ಅದೊಂದೇ ಸಾಲದು, ಮೂಲ ಲೈಸೆನ್ಸೂ ಜೊತೆಯಲ್ಲಿರಬೇಕು.

ಬಾಡಿಗೆಗೆ ಕ್ರೆಡಿಟ್ ಕಾರ್ಡ್ ಬೇಕು, ಅದು ಕಾರು ಓಡಿಸುವವರ ಹೆಸರಿನಲ್ಲೇ ಇರಬೇಕು. ಮಗ ಓಡಿಸುವುದು, ಅಪ್ಪನ ಕಾರ್ಡು ಅಂದರೆ ಕೌಂಟರಿನಲ್ಲೇ ತಡೆಯುತ್ತಾರೆ. ಠೇವಣಿ ಅಂತ ದೊಡ್ಡ ಮೊತ್ತ ಹಿಡಿದಿಡುತ್ತಾರೆ, ಕಾರ್ಡಿನ ಮಿತಿ ಅಷ್ಟಿರಲಿ. ಆಟೊಮ್ಯಾಟಿಕ್ ಬೇಕಾದರೆ ಮುಂಚೆಯೇ ಹೇಳಿ, ಅಲ್ಲಿ ಗೇರಿನ ಕಾರುಗಳೂ ತುಂಬಾ ಇವೆ. ನಾನಂತೂ ಮೊದಲ ಸಲ ಬರುವವರಿಗೆ ಆಟೊಮ್ಯಾಟಿಕ್ಕೇ ತೆಗೆದುಕೊಳ್ಳಿ ಎನ್ನುತ್ತೇನೆ. ಗೇರು ಬಲಗೈಗೆ ಬರುತ್ತದೆ, ಸ್ಟಿಯರಿಂಗ್ ಎಡಕ್ಕೆ. ಒಂದೇ ಸಲ ಎಲ್ಲವನ್ನೂ ಕಲಿಯುವುದು ಬೇಡ. ಹೊಳೆಯುವ ಅಂಗಿ ಮತ್ತು ತ್ರಿಕೋನ ಫಲಕ ಕಾರಿನಲ್ಲಿವೆಯಾ ನೋಡಿ, ಎರಡೂ ಕಡ್ಡಾಯ. ಅಂಗಿ ಡಿಕ್ಕಿಯಲ್ಲಿ ಬೇಡ, ಸೀಟಿನ ಹತ್ತಿರ ಕೈಗೆ ಸಿಗುವಂತಿರಲಿ. 10 ವರ್ಷದೊಳಗಿನ ಮಕ್ಕಳಿಗೆ ಅವರ ಅಳತೆಯ ಸೀಟು ಬೇಕು, ಕೂರುವುದು ಹಿಂದೆ.

ವಿಮಾನ ಇಳಿದ ತಕ್ಷಣ ಓಡಿಸಬೇಡಿ. ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನದಲ್ಲೇ 10 ಗಂಟೆ ಆಸುಪಾಸು. ನಿದ್ದೆ ಕೆಟ್ಟಿರುತ್ತದೆ. ಒಂದು ರಾತ್ರಿ ಮಲಗಿ. ಪ್ಯಾರಿಸ್ ಒಳಗೆ ಕಾರೇ ಬೇಡ. ಅಲ್ಲಿನ ವರ್ತುಲ ರಸ್ತೆಯಲ್ಲಿ ಬಲಗಡೆಯಿಂದ ಒಳಗೆ ಬರುವ ಕಾರಿಗೇ ನೀವು ದಾರಿ ಬಿಡಬೇಕು. ಮೊದಲ ದಿನದ ಪಾಠಕ್ಕೆ ಅದು ತುಂಬಾ ಕಷ್ಟ. ಊರಿನ ದಕ್ಷಿಣಕ್ಕಿರುವ ಓರ್ಲಿ ವಿಮಾನ ನಿಲ್ದಾಣಕ್ಕೆ ಮೆಟ್ರೊ 14ನೇ ಲೈನಿನಲ್ಲಿ ಹೋಗಿ, ಅಲ್ಲಿ ಕಾರು ತೆಗೆದುಕೊಳ್ಳಿ. ಊರಿನ ಗಲಾಟೆ ಇಲ್ಲದೆ ದಕ್ಷಿಣದ ಹೆದ್ದಾರಿ ಸಿಗುತ್ತದೆ.

ದೊಡ್ಡ ನಗರಗಳ ಒಳಗೆ ಹೋಗುವುದಾದರೆ ಕ್ರಿತೇರ್ ಎಂಬ ಹೊಗೆಯ ದರ್ಜೆಯ ಸ್ಟಿಕರ್ ಗಾಜಿನ ಮೇಲಿದೆಯಾ ಕೇಳಿ. ಫ್ರಾನ್ಸಿನ ಬಾಡಿಗೆ ಕಾರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಜರ್ಮನಿ, ನೆದರ್ಲೆಂಡ್ಸ್ ಕಡೆಯಿಂದ ಸ್ವಂತ ಕಾರಿನಲ್ಲಿ ಬರುವ ಕನ್ನಡಿಗರು ಸರ್ಕಾರದ ಜಾಲತಾಣದಲ್ಲೇ ತರಿಸಿಕೊಳ್ಳಿ. ಕೆಲವೇ ಯೂರೋ ಸಾಕು.

ಹೆಜ್ಜೆ 4: ದಾರಿ ಆರಿಸಿ

ದಕ್ಷಿಣಕ್ಕೆ ಎರಡು ದೊಡ್ಡ ದಾರಿಗಳಿವೆ. ಒಂದು ಎಲ್ಲರೂ ಹೋಗುವ ಸೂರ್ಯನ ಹೆದ್ದಾರಿ. ಎ6 ಹಿಡಿದು ಲಿಯೋಂ, ಅಲ್ಲಿಂದ ಎ7, ಕೊನೆಗೆ ಎ8. ಬೇಗ ಮುಟ್ಟುತ್ತೀರಿ, ಆದರೆ ಟೋಲಿಗೇ ಸುಮಾರು 80ರಿಂದ 90 ಯೂರೋ ಹೋಗುತ್ತದೆ. ಲಿಯೋಂ ಊರೊಳಗಿನ ಫುರ್ವಿಯೇರ್ ಸುರಂಗದಲ್ಲಿ ಸಿಕ್ಕಿಕೊಂಡರೆ ಗಂಟೆಗಟ್ಟಲೆ ಹೊತ್ತು ಹೋಗುತ್ತದೆ. ಈ ದಾರಿ ಹಿಡಿಯುವವರು ಪೂರ್ವದ ಹೊರವರ್ತುಲ, ಅಂದರೆ 'ರೊಕಾದ್ ಎಸ್ತ್' ಫಲಕ ನೋಡಿಕೊಂಡು ಊರು ಬಳಸಿ ಹೋಗಿ. ರೋನ್ ಕಣಿವೆಯಲ್ಲಿ ಮಿಸ್ತ್ರಾಲ್ ಎಂಬ ಉತ್ತರದ ಗಾಳಿ ಬೀಸುವಾಗ ಕಾರು ಪಕ್ಕಕ್ಕೆ ತಳ್ಳಿದಂತಾಗುತ್ತದೆ. ಲಾರಿ ದಾಟುವಾಗ ಸ್ಟಿಯರಿಂಗ್ ಗಟ್ಟಿ ಹಿಡಿಯಿರಿ.

ಇನ್ನೊಂದು ನಡುನಾಡಿನ ದಾರಿ. ಎ10ರಲ್ಲಿ ಒರ್ಲೆಯಾಂ, ಎ71ರಲ್ಲಿ ಬೂರ್ಜ್ ಮತ್ತು ಕ್ಲೆರ್ಮೋಂ-ಫೆರಾಂ, ಅಲ್ಲಿಂದ ಎ75. ಈ ಎ75 ಕ್ಲೆರ್ಮೋಂ-ಫೆರಾಂನಿಂದ ಬೆಜಿಯೆವರೆಗೆ ಸುಮಾರು 335 ಕಿ.ಮೀ. ಮಿಯೊ ಸೇತುವೆಯೊಂದಕ್ಕೆ ಬಿಟ್ಟು ಎಲ್ಲೂ ಟೋಲ್ ಇಲ್ಲ. 1,100 ಮೀಟರ್‌ಗಿಂತ ಎತ್ತರಕ್ಕೆ ಹತ್ತಿ, ಹಳೆಯ ಜ್ವಾಲಾಮುಖಿಗಳ ಪಕ್ಕ ಹಾದು, ಸಮುದ್ರದ ಬಯಲಿಗೆ ಇಳಿಯುತ್ತದೆ. ನೀಸ್‌ವರೆಗೆ ಒಟ್ಟು 1,080 ಕಿ.ಮೀ. ಆಸುಪಾಸು. 150 ಕಿ.ಮೀ. ಜಾಸ್ತಿ. ನನ್ನನ್ನು ಕೇಳಿದರೆ ಹೋಗುವಾಗ ಇದೇ ದಾರಿ. ಲಾರಿ ಕಡಿಮೆ, ನೋಟ ಹೆಚ್ಚು, ಊಟಕ್ಕೆ ಇಳಿಯಲು ಒಳ್ಳೆಯ ಊರುಗಳು ದಾರಿಯ ಪಕ್ಕದಲ್ಲೇ ಇವೆ.

ಆರಿಸಿದ ಮೇಲೆ ಒಂದು ಕೆಲಸ ಮಾಡಿ. ದಾರಿಯಲ್ಲಿ ಬರುವ ಊರುಗಳ ಹೆಸರನ್ನು ಸಾಲಾಗಿ ಕಾಗದದಲ್ಲಿ ಬರೆದುಕೊಳ್ಳಿ, ಫ್ರೆಂಚ್ ಅಕ್ಷರಗಳಲ್ಲೇ. ಅಲ್ಲಿನ ಫಲಕಗಳು ಊರಿನ ಹೆಸರು ಹೇಳುತ್ತವೆ, ಉತ್ತರ ದಕ್ಷಿಣ ಅಂತ ಹೇಳುವುದು ಕಡಿಮೆ. ನೀಲಿ ಫಲಕ ಹೆದ್ದಾರಿಗೆ, ಹಸಿರು ದೊಡ್ಡ ಊರುಗಳಿಗೆ, ಬಿಳಿ ಹತ್ತಿರದ ಊರುಗಳಿಗೆ. ಗುಡ್ಡದ ನಡುವೆ ಸಿಗ್ನಲ್ ಹೋದರೂ ಈ ಪಟ್ಟಿ ಹಿಡಿದು ಮುಂದೆ ಹೋಗಬಹುದು.

ಫೋನಿಗೆ ಊರಿನ ಹೆಸರು ಕೊಡುವಾಗ ಪೋಸ್ಟಲ್ ಕೋಡ್ ಸೇರಿಸಿ. ಒಂದೇ ಹೆಸರಿನ ಊರುಗಳು ಅಲ್ಲಿ ಬೇಕಾದಷ್ಟಿವೆ. ಈ ದಾರಿಯಲ್ಲೇ ಎರಡು ಕ್ಲೆರ್ಮೋಂ ಬರುತ್ತವೆ. ಒಂದು ಕ್ಲೆರ್ಮೋಂ-ಫೆರಾಂ, ಇನ್ನೊಂದು ಸುಮಾರು 300 ಕಿ.ಮೀ. ದಕ್ಷಿಣದ ಕ್ಲೆರ್ಮೋಂ-ಲೆರೋ. ಕೋಡಿನ ಮೊದಲ ಎರಡು ಅಂಕಿ ಜಿಲ್ಲೆಯದು: 63 ಅಂದರೆ ಕ್ಲೆರ್ಮೋಂ-ಫೆರಾಂ ಇರುವ ಪ್ಯೂಯಿ-ದ-ದೋಮ್, 12 ಅಂದರೆ ಮಿಯೊ ಇರುವ ಅವೇರೋಂ, 34 ಅಂದರೆ ಮೋಂಪೆಲಿಯೆ ಇರುವ ಎರೋ, 06 ಅಂದರೆ ನೀಸ್ ಕಡೆ. ಕಾಗದದ ನಕ್ಷೆ ಇಷ್ಟಪಡುವವರು ಮಿಶೆಲಿನ್ ನಕ್ಷೆ ಕೊಳ್ಳಿ. ಅದರಲ್ಲಿ ಯಾವ ರಸ್ತೆಯ ಪಕ್ಕ ಹಸಿರು ಗೆರೆ ಇದೆಯೋ ಆ ರಸ್ತೆ ನೋಡಲು ಚೆಂದ. ಆ ಗೆರೆಯನ್ನು ನಂಬಿ ಹೋಗಿ ನನಗೆ ಒಮ್ಮೆಯೂ ಬೇಸರವಾಗಿಲ್ಲ.

ಹೆಜ್ಜೆ 5: ದಿನಗಳನ್ನು ಊಟಕ್ಕೆ ಕಟ್ಟಿ

ಮೊದಲ ದಿನ. ಬೆಳಿಗ್ಗೆ 9ಕ್ಕೆ ಓರ್ಲಿ ಬಿಟ್ಟರೆ ಬೂರ್ಜ್ ಸುಮಾರು 240 ಕಿ.ಮೀ. 12ಕ್ಕೆ ಸರಿಯಾಗಿ ಊಟಕ್ಕೆ ಸೇರುತ್ತೀರಿ. ಹೋಟೆಲಿನ ಮುಂದೆ ಕರಿಹಲಗೆಯಲ್ಲಿ ದಿನದ ಊಟ ಬರೆದಿರುತ್ತಾರೆ. ರಾತ್ರಿಗಿಂತ ಮಧ್ಯಾಹ್ನ ಅದು ಅಗ್ಗ. 12ರಿಂದ 12.30ರೊಳಗೆ ಹೋದರೆ ಕಾಯ್ದಿರಿಸದಿದ್ದರೂ ಜಾಗ ಸಿಗುವುದು ಸುಲಭ. ಊಟವಾದ ಮೇಲೆ ಅಲ್ಲಿನ ಕ್ಯಾಥೆಡ್ರಲ್ ನೋಡಿ, ಅದು ಯುನೆಸ್ಕೊ ಪಟ್ಟಿಯಲ್ಲಿದೆ. ಹಳೆಯ ಬಣ್ಣದ ಗಾಜಿನ ಕಿಟಕಿಗಳಿಂದ ಬೆಳಕು ನೆಲಕ್ಕೆ ಬೀಳುವುದನ್ನು ನೋಡಲು ಮಧ್ಯಾಹ್ನವೇ ಒಳ್ಳೆಯ ಹೊತ್ತು. ಸಂಜೆಗೆ ಇನ್ನು 190 ಕಿ.ಮೀ. ಓಡಿಸಿದರೆ ಕ್ಲೆರ್ಮೋಂ-ಫೆರಾಂ. ರಾತ್ರಿ ಅಲ್ಲೇ. ಮಿಶೆಲಿನ್ ಟೈರು ಹುಟ್ಟಿದ ಊರು ಅದು. ಕ್ಯಾಥೆಡ್ರಲ್ ಕಪ್ಪು ಕಲ್ಲಿನದು, ಜ್ವಾಲಾಮುಖಿಯ ಕಲ್ಲು.

ಎರಡನೇ ದಿನ ನನಗೆ ತುಂಬಾ ಇಷ್ಟದ ದಿನ. ಬೆಳಿಗ್ಗೆ ಮೋಡ ಇಲ್ಲದಿದ್ದರೆ 1,465 ಮೀಟರಿನ ಪ್ಯೂಯಿ ದ ದೋಮ್ ಶಿಖರಕ್ಕೆ ಹಲ್ಲಿರುವ ಹಳಿ ಹಿಡಿದು ಗುಡ್ಡ ಹತ್ತುವ ರೈಲಿನಲ್ಲಿ ಹೋಗಬಹುದು. ಮೇಲಿಂದ ಹಳೆಯ ಜ್ವಾಲಾಮುಖಿಗಳ ಸಾಲು ಹಸಿರು ಬಟ್ಟಲುಗಳಂತೆ ಕಾಣುತ್ತದೆ. ಆದರೆ ಊಟ ಮರೆಯಬೇಡಿ. ಶಿಖರಕ್ಕೆ ಹೋಗುವವರು ಊಟಕ್ಕೆ ಸೇಂ-ಫ್ಲೂರ್ ಹಿಡಿಯಿರಿ. ಸುಮಾರು 105 ಕಿ.ಮೀ., ಬಂಡೆಯ ಮೇಲೆ ಕೂತ ಹಳೇ ಊರು. ಹೋಗದವರು ಇನ್ನೂ ಮುಂದೆ ಓಬ್ರಾಕ್ ಪ್ರದೇಶದವರೆಗೆ ಹೋಗಿ, ಓಮೋಂ-ಓಬ್ರಾಕ್‌ನಲ್ಲಿ ಊಟ ಮಾಡಿ.

ಓಬ್ರಾಕ್‌ನಲ್ಲಿ ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬುವ ಒಂದು ತಿನಿಸಿದೆ. ಹೆಸರು ಅಲಿಗೊ. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಹಸಿ ಚೀಸ್, ಕೆನೆ, ಬೆಳ್ಳುಳ್ಳಿ ಹಾಕಿ ಮರದ ಸೌಟಿನಲ್ಲಿ ತಿರುವುತ್ತಾರೆ. ಸೌಟು ಎತ್ತಿದರೆ ಮಾರುದ್ದ ಎಳೆ ಬರುತ್ತದೆ. ನನ್ನಮ್ಮ ಅದನ್ನು ತಿಂದು, ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ ಅಂದರು. ಜೊತೆಗೆ ಸಾಸೇಜ್ ಕೊಡುವುದು ವಾಡಿಕೆ, ಬೇಡ ಎಂದು ಮುಂಚೆಯೇ ಹೇಳಿ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಒಂದು ವಿಷಯ ಗೊತ್ತಿರಲಿ. ಫ್ರಾನ್ಸಿನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಯಲು ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಪ್ರೆಸ್ಯೂರ್ ಬಳಸುತ್ತಾರೆ. ತಿನ್ನುವುದು ಬಿಡುವುದು ನಿಮಗೆ ಸೇರಿದ್ದು, ಆದರೆ ಗೊತ್ತಿದ್ದು ತೀರ್ಮಾನಿಸುವುದು ಮೇಲು.

ಸೇಂ-ಫ್ಲೂರ್ ದಾಟಿದ ಮೇಲೆ ಗರಾಬಿ ಎಂಬ ಏರ್‌ನಲ್ಲಿ ನಿಲ್ಲಿಸಿ. ಕಣಿವೆಗೆ ಅಡ್ಡಲಾಗಿ ಕೆಂಪು ಕಬ್ಬಿಣದ ರೈಲು ಸೇತುವೆ ಕಾಣುತ್ತದೆ. ಗುಸ್ತಾವ್ ಐಫೆಲ್ ಕಂಪನಿ 1884ರಲ್ಲಿ ಕಟ್ಟಿ ಮುಗಿಸಿದ್ದು, ಪ್ಯಾರಿಸ್ಸಿನ ಗೋಪುರಕ್ಕಿಂತ 5 ವರ್ಷ ಮೊದಲು. ಅದೇ ಮಧ್ಯಾಹ್ನ 120 ವರ್ಷ ಈಚಿನ ಇನ್ನೊಂದು ಸೇತುವೆ ನೋಡುತ್ತೀರಿ. ತಾರ್ನ್ ನದಿಯ ಮೇಲಿನ ಮಿಯೊ ಸೇತುವೆ 2004ರ ಡಿಸೆಂಬರಿನಲ್ಲಿ ತೆರೆಯಿತು. ಎಂಜಿನಿಯರ್ ಮಿಶೆಲ್ ವಿರ್ಲೊಜೊ, ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್. ಉದ್ದ 2,460 ಮೀಟರ್, ತುದಿಯ ಎತ್ತರ 343 ಮೀಟರ್. ಅಂದರೆ ಐಫೆಲ್ ಗೋಪುರಕ್ಕಿಂತ ಎತ್ತರ. ಮೇಲೆ ಓಡಿಸುವಾಗ ಅದರ ಚೆಲುವು ಗೊತ್ತಾಗುವುದಿಲ್ಲ, 2 ನಿಮಿಷದಲ್ಲಿ ದಾಟಿಬಿಡುತ್ತೀರಿ. ಟೋಲ್ ದಾಟಿದ ತಕ್ಷಣ, ಸೇತುವೆಗಿಂತ ಮುಂಚೆ ಸಿಗುವ ಏರ್‌ನಲ್ಲಿ ಇಳಿದು ದಿಬ್ಬ ಹತ್ತಿ ನೋಡಿ. ಇನ್ನೂ ಚೆಂದ ಬೇಕಾದರೆ ಮಿಯೊ ಊರಿನಲ್ಲಿ ರಾತ್ರಿ ಉಳಿದು, ಕೆಳಗಿನ ಡಿ992 ರಸ್ತೆಯಲ್ಲಿ ಹೋಗಿ ಕಂಬಗಳ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿ.

ಮೂರನೇ ದಿನ ಸಣ್ಣದು, ಮೋಂಪೆಲಿಯೆವರೆಗೆ ಸುಮಾರು 115 ಕಿ.ಮೀ. ಬೆಳಿಗ್ಗೆ ಲಾರ್ಜಾಕ್ ಬಯಲಿನ ಲಾ ಕುವೆರ್ತ್ವಾರಾದ್ ನೋಡಿ. ಟೆಂಪ್ಲರ್ ಎಂಬ ಮಧ್ಯಯುಗದ ಕ್ರೈಸ್ತ ಯೋಧರ ಪಂಗಡ ನೆಲೆಯೂರಿದ್ದ ಕೋಟೆಯ ಹಳ್ಳಿ. ಆಮೇಲೆ ರಸ್ತೆ ಬಯಲಿನ ಅಂಚಿನಿಂದ ಕಡಿದಾಗಿ ಕೆಳಗಿಳಿಯುತ್ತದೆ. ಬರೀ ಬ್ರೇಕಿನ ಮೇಲೆ ಕಾಲಿಡಬೇಡಿ, ಗೇರು ಇಳಿಸಿ. ಊಟಕ್ಕೆ ಲೊದೇವ್ ಅಥವಾ ಕ್ಲೆರ್ಮೋಂ-ಲೆರೋ. ಪಕ್ಕದ ಸಲಗೂ ಸರೋವರದ ದಡದ ಮಣ್ಣು ಕಡು ಕೆಂಪು. ನಮ್ಮ ಕಡೆಯ ಕೆಮ್ಮಣ್ಣು ನೋಡಿದಂತೆ ಅನ್ನಿಸಿ ಅಮ್ಮ ಅಲ್ಲಿ ಬಹಳ ಹೊತ್ತು ಕೂತಿದ್ದರು.

ನಾಲ್ಕನೇ ದಿನ ಮೋಂಪೆಲಿಯೆಯಿಂದ ನೀಸ್, ಸುಮಾರು 325 ಕಿ.ಮೀ. ನೀಮ್, ಆರ್ಲ್ ಕಡೆಯಿಂದ ಹೋಗಿ ಎಕ್ಸ್-ಆಂ-ಪ್ರೊವಾನ್ಸ್‌ನಲ್ಲಿ ಊಟ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಅಲ್ಲಿ ದೊಡ್ಡ ಸಂತೆ. ಅದೇ ದಿನ ಬರುವಂತೆ ಹೊಂದಿಸಿದರೆ ಹಣ್ಣು, ಆಲಿವ್, ಬ್ರೆಡ್ ಕೊಂಡು ಮರದಡಿ ಕೂತೇ ಊಟ ಮುಗಿಸಬಹುದು.

ವಾಪಸ್ ಬರುವಾಗ ನನ್ನ ಸಲಹೆ ಬೇರೆ. ಕಾರನ್ನು ನೀಸ್‌ನಲ್ಲೇ ಒಪ್ಪಿಸಿ, ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಪ್ಯಾರಿಸ್‌ಗೆ ಬನ್ನಿ. 6 ಗಂಟೆಯ ಆಸುಪಾಸು. ಬೇರೆ ಊರಿನಲ್ಲಿ ಒಪ್ಪಿಸಲು ಹೆಚ್ಚಿನ ಶುಲ್ಕ ಇರುತ್ತದೆ. ಟೋಲ್, ಇಂಧನ, ಒಂದು ರಾತ್ರಿಯ ಕೋಣೆ ಸೇರಿಸಿ ಹೋಲಿಸಿ ನೋಡಿ.

ಹೆಜ್ಜೆ 6: ಟೋಲ್ ಮತ್ತು ಇಂಧನ

ಟೋಲ್‌ಗೆ ಅಲ್ಲಿ ಪೇಯಾಜ್ ಎನ್ನುತ್ತಾರೆ. ಒಳಗೆ ಹೋಗುವಾಗ ಚೀಟಿ ತೆಗೆದುಕೊಂಡು ಹೊರಗೆ ಬರುವಾಗ ಹಣ ಕೊಡುವುದು ಸಾಮಾನ್ಯ ಪದ್ಧತಿ. ಚೀಟಿ ಕಳೆದರೆ ಆ ದಾರಿಯ ಅತಿ ದೂರದ ದರ ಹಾಕುತ್ತಾರೆ. ಚೀಟಿಗೆ ಕಾರಿನಲ್ಲಿ ಒಂದು ಜಾಗ ಗೊತ್ತು ಮಾಡಿ, ಪಕ್ಕದಲ್ಲಿ ಕೂತವರಿಗೆ ಅದರ ಜವಾಬ್ದಾರಿ ಕೊಡಿ. ಮೇಲೆ ಹಸಿರು ಬಾಣ ಇರುವ ಸಾಲಿನಲ್ಲಿ ಹೋಗಿ. ಕಿತ್ತಳೆ ಬಣ್ಣದ 'ಟಿ' ಅಕ್ಷರ ಮಾತ್ರ ಇರುವ ಸಾಲು ಎಲೆಕ್ಟ್ರಾನಿಕ್ ಉಪಕರಣ ಇರುವವರಿಗೆ. ತಪ್ಪಿ ಹೋದರೆ ಹಿಂದಕ್ಕೆ ತೆಗೆಯಬೇಡಿ, ಯಂತ್ರದ ಮೇಲಿನ ಗುಂಡಿ ಒತ್ತಿ ಮಾತಾಡಿ. ಎರಡು ಕಾರ್ಡು, ಸ್ವಲ್ಪ ಚಿಲ್ಲರೆ ಜೊತೆಯಲ್ಲಿರಲಿ.

ಕೆಲವು ಹೆದ್ದಾರಿಗಳಲ್ಲಿ ಈಗ ಗೇಟೇ ಇಲ್ಲ. ನಾರ್ಮಂಡಿ ಕಡೆಯ ಎ13, ಎ14 ಹಾಗೂ ನಡುನಾಡಿನ ಎ79 ಅಂಥವು. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. 72 ಗಂಟೆಯೊಳಗೆ ಆ ಕಂಪನಿಯ ಜಾಲತಾಣದಲ್ಲಿ ನೀವೇ ಹಣ ಕಟ್ಟಬೇಕು. ಗೇಟು ಕಾಣಲಿಲ್ಲ ಅಂತ ಸುಮ್ನೆ ಹೋದರೆ ದಂಡ ಬರುತ್ತದೆ.

ಇಂಧನದಲ್ಲಿ ಒಂದು ದೊಡ್ಡ ಅಪಾಯ ಇದೆ. ಪಂಪಿನ ಮೇಲೆ 'ಗಾಜೋಲ್' ಎಂದಿದ್ದರೆ ಅದು ಡೀಸೆಲ್. ಅಮೆರಿಕದ ಗ್ಯಾಸೊಲಿನ್ ನೆನಪಾಗಿ ಪೆಟ್ರೋಲ್ ಅಂದುಕೊಳ್ಳಬೇಡಿ. ಪೆಟ್ರೋಲಿಗೆ 'ಸಾಂ ಪ್ಲೋಂ' 95 ಅಥವಾ 98. ಗುರುತು ನೋಡುವುದು ಇನ್ನೂ ಸುಲಭ: ದುಂಡು ಗುರುತು ಪೆಟ್ರೋಲ್, ಚೌಕ ಗುರುತು ಡೀಸೆಲ್. ಕಾರಿನ ಟ್ಯಾಂಕಿನ ಮುಚ್ಚಳದ ಮೇಲೂ ಅದೇ ಗುರುತು ಇರುತ್ತದೆ, ಹೋಲಿಸಿ ಹಾಕಿ. ಹೆದ್ದಾರಿಯ ಪಂಪು ದುಬಾರಿ. ಊರಿನ ಹೊರಗಿನ ಲೆಕ್ಲೆರ್, ಇಂತೆರ್ಮಾರ್ಶೆ, ಕಾರ್ಫೂರ್‌ನಂಥ ಸೂಪರ್‌ಮಾರ್ಕೆಟ್‌ಗಳ ಪಂಪಿನಲ್ಲಿ ಅಗ್ಗ. ರಾತ್ರಿ ಉಳಿಯುವ ಊರಿನಲ್ಲೇ ತುಂಬಿಸಿಕೊಳ್ಳಿ. ಕಾರ್ಡಿನ ಪಂಪಿನಲ್ಲಿ ಮೊದಲು ದೊಡ್ಡ ಮೊತ್ತ ಹಿಡಿದಿಟ್ಟು ಆಮೇಲೆ ಬಿಡುಗಡೆ ಮಾಡುತ್ತಾರೆ. ಗಾಬರಿಯಾಗಬೇಡಿ.

ಹೆಜ್ಜೆ 7: ಓಡಿಸುವ ಮುನ್ನ ಕಲಿಯಬೇಕಾದ ನಿಯಮಗಳು

ವೇಗ: ಹೆದ್ದಾರಿಯಲ್ಲಿ 130, ಮಳೆ ಬಂದರೆ 110. ನಡುವೆ ವಿಭಜಕ ಇರುವ ಜೋಡಿ ರಸ್ತೆಯಲ್ಲಿ 110, ಮಳೆಯಲ್ಲಿ 100. ಹಳ್ಳಿಗಾಡಿನ ರಸ್ತೆಯಲ್ಲಿ ಸಾಮಾನ್ಯವಾಗಿ 80, ಕೆಲವು ಜಿಲ್ಲೆಗಳು 90 ಇಟ್ಟಿವೆ. ಊರೊಳಗೆ 50, ಎಷ್ಟೋ ಕಡೆ 30. ಊರು ಶುರುವಾದಾಗ 50 ಎಂಬ ಫಲಕ ಇರುವುದಿಲ್ಲ. ಕೆಂಪು ಅಂಚಿನ ಊರಿನ ಹೆಸರಿನ ಫಲಕವೇ 50ರ ಫಲಕ. ಹೆಸರಿನ ಮೇಲೆ ಅಡ್ಡಗೆರೆ ಎಳೆದ ಫಲಕ ಬಂದರೆ ಊರು ಮುಗಿಯಿತು. ಬಾಡಿಗೆ ಕಾರಿನಲ್ಲಿ ದಂಡ ಬಂದರೆ ಕಂಪನಿ ನಿಮ್ಮ ವಿಳಾಸ ಕೊಡುತ್ತದೆ, ಅದಕ್ಕೊಂದು ಶುಲ್ಕವನ್ನೂ ಹಾಕುತ್ತದೆ.

ಇನ್ನೊಂದು ನಿಯಮ ನಮಗೆ ಪೂರ್ತಿ ಹೊಸದು: ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಊರೊಳಗೆ ಗುರುತು, ಫಲಕ ಏನೂ ಇಲ್ಲದ ಕೂಡುರಸ್ತೆಯಲ್ಲಿ ನೀವು ದೊಡ್ಡ ರಸ್ತೆಯಲ್ಲಿದ್ದರೂ ಬಲಗಡೆಯ ಸಣ್ಣ ಸಂದಿಯಿಂದ ಕಾರು ನಿಲ್ಲದೆ ಬರಬಹುದು, ಅದು ಅವರ ಹಕ್ಕು. ಹಳದಿ ವಜ್ರದ ಆಕಾರದ ಫಲಕ ಕಂಡರೆ ಹಕ್ಕು ನಿಮ್ಮದು. ಅದೇ ಫಲಕಕ್ಕೆ ಅಡ್ಡಗೆರೆ ಬಿದ್ದಿದ್ದರೆ ನಿಮ್ಮ ಹಕ್ಕು ಮುಗಿಯಿತು. ಊರೊಳಗೆ ನಿಧಾನಿಸಿ, ಪ್ರತಿ ಬಲ ಸಂದಿ ನೋಡಿ. ವೃತ್ತಗಳಲ್ಲಿ ಸಾಮಾನ್ಯವಾಗಿ ಒಳಗೆ ಸುತ್ತುತ್ತಿರುವವರಿಗೆ ಹಕ್ಕು. ನೀವು ಬಲಕ್ಕೆ ಹೊರಳಿ, ಗಡಿಯಾರಕ್ಕೆ ವಿರುದ್ಧ ದಿಕ್ಕಿನಲ್ಲಿ ಸುತ್ತಬೇಕು. ನಾವು ತಪ್ಪುವುದು ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಮತ್ತು ಪೆಟ್ರೋಲ್ ಬಂಕಿನಿಂದ ಹೊರಗೆ ಬರುವಾಗ. ಪಕ್ಕದಲ್ಲಿ ಕೂತವರು ಆಗೆಲ್ಲ "ಬಲಕ್ಕೆ" ಅಂತ ಗಟ್ಟಿಯಾಗಿ ಹೇಳಲಿ. ನಮ್ಮ ಕಾರಿನಲ್ಲಿ ಅದು ಅಮ್ಮನ ಕೆಲಸ.

ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ, ಕಿವಿಗೆ ಇಯರ್‌ಫೋನ್ ಹಾಕುವಂತೆಯೂ ಇಲ್ಲ. ಹೆದ್ದಾರಿಯಲ್ಲಿ ಕಾರು ಕೆಟ್ಟರೆ ಬಲ ಅಂಚಿಗೆ ತಂದು, ಅಂಗಿ ತೊಟ್ಟು, ಎಲ್ಲರೂ ತಡೆಬೇಲಿಯ ಆಚೆ ಹೋಗಿ ನಿಲ್ಲಿ. ಕಿತ್ತಳೆ ಬಣ್ಣದ ಫೋನ್ ಕಂಬದಿಂದ ಕರೆ ಮಾಡಿ, ಅಥವಾ 112. ಟೋಲ್ ಹೆದ್ದಾರಿಗೆ ಹೊರಗಿನ ಮೆಕ್ಯಾನಿಕ್ ಬರುವಂತಿಲ್ಲ, ಅನುಮತಿ ಇರುವವರೇ ಬರುತ್ತಾರೆ, ಅವರ ದರವೂ ನಿಗದಿಯಾಗಿರುತ್ತದೆ. ರೇಡಿಯೊದಲ್ಲಿ 107.7 ಎಫ್‌ಎಂ ಇಟ್ಟರೆ ಹೆದ್ದಾರಿ ಸುದ್ದಿ ಸಿಗುತ್ತದೆ. 'ಬುಶೋಂ' ಎಂಬ ಪದ ಕೇಳಿದರೆ ಮುಂದೆ ಟ್ರಾಫಿಕ್ ಜಾಮ್ ಇದೆ ಅಂತ.

ಬುತ್ತಿ ಚೀಲದಲ್ಲಿ ಏನಿರಬೇಕು

ಎಷ್ಟೇ ಯೋಜನೆ ಹಾಕಿದರೂ ಒಂದು ದಿನ ಊಟ ತಪ್ಪುತ್ತದೆ. ಅವತ್ತಿಗಾಗಿ ಒಂದು ಚೀಲ ಇರಲಿ. ಊರಿನಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ತನ್ನಿ. ಹಾಲಿನ ಪದಾರ್ಥ ಮತ್ತು ಮಾಂಸವನ್ನು ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಸಾಮಾನಿನಲ್ಲಿ ತರುವಂತಿಲ್ಲ. ಹಾಗಾಗಿ ತುಪ್ಪ, ಪೇಡ, ಮೈಸೂರು ಪಾಕ್ ಬೇಡ. ಅಕ್ಕಿ, ಬೇಳೆ, ಉಪ್ಪಿನಕಾಯಿ ಪ್ಯಾರಿಸ್‌ನ ಲಾ ಶಾಪೆಲ್ ಪ್ರದೇಶದ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಸಿಗುತ್ತವೆ. ಒಂದು ಚಿಕ್ಕ ಎಲೆಕ್ಟ್ರಿಕ್ ಕುಕ್ಕರ್ ಇಟ್ಟುಕೊಂಡರೆ ಅಡುಗೆಮನೆ ಇರುವ ಕೋಣೆಯಲ್ಲಿ ರಾತ್ರಿ ಅನ್ನ ಆಗುತ್ತದೆ. ಬಾಳೆಹಣ್ಣು, ಒಣಹಣ್ಣು, ನೀರು ಕೈಗೆ ಸಿಗುವಂತೆ ಮುಂದೆಯೇ ಇರಲಿ. ಮದ್ದು ಡಿಕ್ಕಿಯಲ್ಲಿ ಬೇಡ.

ಹೋಟೆಲಿನಲ್ಲಿ 'ಸಾಂ ವ್ಯಾಂದ್, ಸಾಂ ಪ್ವಾಸೋಂ' ಎಂದರೆ ಮಾಂಸ ಬೇಡ, ಮೀನು ಬೇಡ. 'ಲಾರ್ದೋಂ' ಎಂಬ ಪದ ನೆನಪಿಡಿ, ಅದು ಹಂದಿಮಾಂಸದ ಸಣ್ಣ ಚೂರು. ಸಲಾಡ್ ಅಂತ ನಂಬಿ ತರಿಸಿದರೆ ಅದರಲ್ಲಿರುತ್ತದೆ. ಮೊಟ್ಟೆ, ಕೆನೆ ತುಂಬಿ ಬೇಯಿಸುವ ಲೊರೇನ್ ಕೀಶ್‌ನಲ್ಲೂ ಇರುತ್ತದೆ. ಬಿಸಿ ಮೇಕೆ ಚೀಸಿನ ಸಲಾಡ್, ಆಮ್ಲೆಟ್, ರತತೂಯ್ ಎಂಬ ತರಕಾರಿ ಪಲ್ಯ ಎಲ್ಲೆಡೆ ಸಿಗುವಂಥವು. ಆದರೂ ಕೇಳಿಯೇ ತರಿಸಿ.

ನೀಸ್ ಮುಟ್ಟಿದ ಮರುದಿನ ಕಾರನ್ನು ಮುಟ್ಟಬೇಡಿ. ಹಳೇ ಊರಿನ ಸಣ್ಣ ಸಂದಿಗಳಲ್ಲಿ ನಡೆದುಕೊಂಡು ಹೋಗಿ ಸೊಕ್ಕಾ ಮಾಡುವ ಅಂಗಡಿ ಹುಡುಕಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ಅಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ಹರಡಿ ಸೌದೆ ಒಲೆಯೊಳಗೆ ಬೇಯಿಸುತ್ತಾರೆ. ಅಂಚು ಕರಿದಂತೆ ಗರಿಗರಿ, ನಡುವೆ ಮೆತ್ತಗೆ. ಮೇಲೆ ಕರಿಮೆಣಸಿನ ಪುಡಿ ಉದುರಿಸಿ ಬಿಸಿಬಿಸಿ ಕೊಡುತ್ತಾರೆ. ಅಪ್ಪ ಎರಡು ತಟ್ಟೆ ತಿಂದರು. ಗಡಿಯಾರ ನೋಡಿದೆ, 12 ಗಂಟೆ 10 ನಿಮಿಷ.